ನಾಲ್ಕು ಮಡಿಕೆಯ ಒದ್ದೆ ಬಟ್ಟೆ

ಲಂಡನ್ನಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಸತ್ತವರಿಗೆ ಮೂರು ಮಾತುಗಳು ಮೀಸಲು: ಸರಳ ಜೀವಿ, ಸದಾ ಹಸನ್ಮುಖಿ, ಎಲ್ಲರೊಂದಿಗೂ ಹೊಂದಿಕೊಳ್ಳುವವರು. ಅಕ್ಕೋರು ತೀರಿಕೊಂಡ ದಿನವೂ ಬೆಳಿಗ್ಗೆ ಹತ್ತರೊಳಗೆ ಈ ಮೂರೂ ಬಂದುಬಿಟ್ಟವು. ಅಕ್ಕೋರು ಹಸನ್ಮುಖಿಯಾಗಿರಲಿಲ್ಲ. ಹೊಂದಿಕೊಳ್ಳುವುದಂತೂ ಅವರ ಜಾಯಮಾನದಲ್ಲೇ ಇರಲಿಲ್ಲ. ಸ್ವಲ್ಪ ಹೊಂದಿಕೊಂಡಿದ್ದರೆ ಅವರು ಕೆಲಸ ಕಳೆದುಕೊಳ್ಳುತ್ತಿರಲಿಲ್ಲ, ನಾನು ಇದನ್ನು ಬರೆಯುತ್ತಿರಲಿಲ್ಲ. ಗುಂಪಿನಲ್ಲಿ ನಾನೂ ಕೈಮುಗಿದ ಚಿತ್ರವೊಂದನ್ನು ಹಾಕಿ ಫೋನು ಕೆಳಗಿಟ್ಟೆ. ಹೊಂದಿಕೊಳ್ಳುವವನು ನಾನು.

ಅವರು ಧಾರವಾಡದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಗಂಡನ ಕೆಲಸದ ಹಿಂದೆ ಈ ದೇಶಕ್ಕೆ ಬಂದು, ಗಂಡ ಬೇಗ ಹೋದ ಮೇಲೆ ರೇನರ್ಸ್ ಲೇನ್‌ನಲ್ಲಿ ಒಂದು ಫ್ಲ್ಯಾಟ್ ಹಿಡಿದುಕೊಂಡು ಇಲ್ಲೇ ಉಳಿದರು. ನಾನು ಕುಂದಾಪುರದವನು. ಕೆಲಸಕ್ಕೆ ಸೇರಿದ ದಿನ ‘ಮೇಡಂ’ ಎಂದು ಕರೆದೆ. ತಲೆ ಎತ್ತದೆ ಹೇಳಿದರು, ‘ಮೇಡಂ ಅಂದ್ರ ನಾ ಹಿಂದ ತಿರುಗಿ ನೋಡಬೇಕಾಗ್ತೈತಿ, ಯಾರನ್ನ ಕರದ್ರು ಅಂತ. ನಮ್ಮ ಕಡೆ ಸಾಲಿ ಕಲಸೂ ಹೆಣ್ಮಕ್ಕಳಿಗೆ ಅಕ್ಕೋರ ಅಂತಾರ. ಹಂಗ ಅನ್ನು.’ ಅಂದಿನಿಂದ ನನಗೆ ಅವರು ಅಕ್ಕೋರು, ಅವರಿಗೆ ನಾನು ತಮ್ಮ.

ನಮ್ಮದು ಹೇಸ್‌ನಲ್ಲಿ ಗೋದಾಮುಗಳ ಸಾಲಿನ ಹಿಂದಿದ್ದ ಸಣ್ಣ ಕಂಪನಿ. ಒಟ್ಟು ಆರು ಜನ. ತಲೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ ಇಳಿಯುತ್ತಿತ್ತು. ಬೇರೆ ಬೇರೆ ಕಡೆಯಿಂದ ಗಾಳಿಯ ಫಿಲ್ಟರುಗಳು ಅಂಚೆಯಲ್ಲಿ ಬರುತ್ತಿದ್ದವು. ನಾಣ್ಯದಗಲದ ಬಿಳಿ ಕಾಗದದ ಬಿಲ್ಲೆಗಳು. ಅವುಗಳ ಮೇಲೆ ಕೂತ ಧೂಳಿನಲ್ಲಿ ವಿಕಿರಣ ಎಷ್ಟಿದೆ ಎಂದು ಯಂತ್ರದಲ್ಲಿ ಎಣಿಸಿ ವರದಿ ಕೊಡುವುದು ನಮ್ಮ ಕೆಲಸ. ಯಂತ್ರ ಪರದೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಯಾವ ಧಾತು ಇದೆಯೋ ಅದು ಆ ಗೆರೆಯ ಮೇಲೆ ತನ್ನದೇ ಜಾಗದಲ್ಲಿ ತಲೆ ಎತ್ತುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಬರುವುದಿಲ್ಲ.

ದಿನದ ಮೊದಲ ಕೆಲಸವೆಂದರೆ ಏನೂ ಇಲ್ಲದ ಹೊಸ ಫಿಲ್ಟರನ್ನು ಎಣಿಸುವುದು. ನನಗೆ ಅದು ಸಮಯ ದಂಡ ಎನಿಸುತ್ತಿತ್ತು. ಒಂದು ದಿನ ಬಿಟ್ಟೆ. ಅಕ್ಕೋರು ಬೆರಳಿನ ಗೆಣ್ಣಿನಿಂದ ಮೇಜಿನ ಮೇಲೆ ಎರಡು ಸಲ ಕುಟ್ಟಿದರು. ಅದು ಅವರ ಕ್ಲಾಸಿನ ಅಭ್ಯಾಸ. ‘ಖಾಲೀದು ಎಷ್ಟೈತಿ ಗೊತ್ತಿಲ್ಲದ, ತುಂಬಿದ್ದು ಎಷ್ಟಂತ ಹೆಂಗ ಹೇಳ್ತಿ?’ ಎಂದು ಕೇಳಿ, ಆ ದಿನ ನಾನು ಮಾಡಿದ್ದ ಒಂಬತ್ತು ಫಿಲ್ಟರನ್ನೂ ಮೊದಲಿನಿಂದ ಎಣಿಸಲು ಹಚ್ಚಿದರು. ಮಧ್ಯಾಹ್ನ ಊಟಕ್ಕೆ ಕೂತಾಗ ತಮ್ಮ ಡಬ್ಬಿಯಿಂದ ಒಂದು ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ ನನ್ನ ಕಡೆ ಸರಿಸಿದರು. ಮುಖದ ಗಂಟು ಮಾತ್ರ ಹಾಗೇ ಇತ್ತು.

ಇನ್ನು ಅವರ ಹಣೆಯ ವಿಷಯ. ಎಲ್ಲ ಅದರ ಮೇಲೇ ನಿಂತಿರುವುದರಿಂದ ವಿವರವಾಗಿ ಹೇಳಬೇಕು.

ಅಕ್ಕೋರು ಬೆಳಿಗ್ಗೆ ಲಿಂಗಪೂಜೆ ಮಾಡಿ ಹಣೆಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದುಕೊಂಡು, ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಬಸ್ಸಿನಲ್ಲಿ ಜನ ನೋಡಿದರೆ ನೋಡಲಿ. ಆದರೆ ಎಣಿಸುವ ಕೋಣೆಯ ಹೊರಗೆ ಬಂದು ನಿಂತರೆಂದರೆ ಅವರು ಬೇರೆ ಮನುಷ್ಯ. ಬೂದಿ ಬೂದಿಯೇ, ಅದು ಧೂಳು, ಧೂಳು ಆ ಕೋಣೆಯೊಳಗೆ ಹೋಗಕೂಡದು. ಮೊದಲು ಬಂದಿರುತ್ತಿದ್ದ ನಾನು ಕೈಗವಸು ಹಾಕಿಕೊಂಡು, ಬಿಳಿ ಹತ್ತಿ ಬಟ್ಟೆಯ ತುಂಡೊಂದನ್ನು ನೀರಲ್ಲಿ ಅದ್ದಿ, ಎರಡು ಸಲ ಹಿಂಡಿ, ನಾಲ್ಕು ಮಡಿಕೆ ಮಾಡಿ, ಎಡ ಅಂಗೈ ಮೇಲಿಟ್ಟು ಚಾಚಬೇಕಿತ್ತು. ಬೆರಳಲ್ಲಿ ಹಿಡಿದು ಕೊಟ್ಟರೆ ತೆಗೆದುಕೊಳ್ಳುತ್ತಿರಲಿಲ್ಲ. ಒಂದೊಂದು ಮಡಿಕೆ ತಿರುವಿ ಒಂದೊಂದು ಸಲ, ಒಟ್ಟು ನಾಲ್ಕು ಸಲ ಹಣೆ ಒರೆಸಿಕೊಂಡು, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮೇಲೆ ಕನ್ನಡ ಅಂಕಿಯಲ್ಲಿ ತಾರೀಖು ಬರೆದು ಕಪಾಟಿನಲ್ಲಿಡುತ್ತಿದ್ದರು. ಸಂಜೆ ಹೊರಡುವಾಗ ಮತ್ತೆ ಹಚ್ಚಿಕೊಳ್ಳುತ್ತಿದ್ದರು. ನಾಲ್ಕು ವರ್ಷ, ಕೆಲಸದ ಒಂದು ದಿನವೂ ತಪ್ಪಲಿಲ್ಲ. ಬಟ್ಟೆ ಚಾಚಿದ ಕೈ ನನ್ನದೇ.

ಒಮ್ಮೆ ಆ ಚೀಲಗಳಲ್ಲೊಂದನ್ನು ಯಂತ್ರದಲ್ಲಿಟ್ಟು ಎಣಿಸಿಯೂ ಬಿಟ್ಟರು. ‘ಸಗಣಿ ಬೂದಿ. ಪೊಟ್ಯಾಸಿಯಂ ಬಿಟ್ರ ಬ್ಯಾರೇ ಏನೂ ಇಲ್ಲ. ಬಾಳೇಹಣ್ಣಿನಾಗೂ ಅದ ಇರತೈತಿ’ ಎಂದು ಆ ಗೆರೆಯ ಹಾಳೆಯನ್ನು ಫೈಲಿಗೆ ಸೇರಿಸಿದರು. ಯಾರೂ ಕೇಳಿರಲಿಲ್ಲ. ಯಾರೂ ಕೇಳದ್ದನ್ನು ಮೊದಲೇ ತಿಳಿದಿಟ್ಟುಕೊಳ್ಳುವ ಚಾಳಿ ಅವರದು.

ಎರಡು ಸಾವಿರದ ಹದಿನೈದರ ವಸಂತದಲ್ಲಿ ಚೆರ್ನೋಬಿಲ್ ಸುತ್ತಲಿನ ಕಾಡಿಗೆ ಬೆಂಕಿ ಬಿತ್ತು. ಟಿವಿಯಲ್ಲಿ ಒಂದೆರಡು ದಿನ ಹೊಗೆ ತೋರಿಸಿದರು. ಆ ಭಾನುವಾರ ರೇನರ್ಸ್ ಲೇನ್‌ನ ಹಾಲ್‌ನಲ್ಲಿ, ಹಾಲ್ ಸಿಗದೆ ತಿಂಗಳು ತಡವಾದ ನಮ್ಮವರ ಯುಗಾದಿ ಊಟವಿತ್ತು. ಅಕ್ಕೋರ ಸುತ್ತ ಜನ ಸೇರಿತು. ಬೆಂಗಳೂರಿನ ಒಬ್ಬರು ಕೇಳಿದರು, ‘ಕಿಟಕಿ ಮುಚ್ಕೋಬೇಕಾ ಮೇಡಂ? ಮಕ್ಕಳನ್ನ ಪಾರ್ಕಿಗೆ ಕಳಿಸ್ಬಹುದಾ?’ ಅಕ್ಕೋರು ತಾಳ್ಮೆಯಿಂದಲೇ ಹೇಳಿದರು: ‘ಆವಾಗ ರಿಯಾಕ್ಟರ್ ಸಿಡಿದು ಬಿದ್ದ ಧೂಳು ಆ ಕಾಡಿನ ಮಣ್ಣಾಗ, ತರಗಿನಾಗ, ಗಿಡದ ತೊಗಟಿಯಾಗ ಕುಂತೈತಿ. ಬೆಂಕಿ ಬಿತ್ತಂದ್ರ ಹೊಗೀ ಜೋಡಿ ಮತ್ತ ಮ್ಯಾಲ ಏಳತೈತಿ. ಲಂಡನ್ನಿಗೆ ಬರೂತನಕ ಎಣಸಾಕೂ ಕಷ್ಟ ಆಗೂವಷ್ಟು ತೆಳ್ಳಗಾಗಿರತೈತಿ. ನಿಮಗೇನೂ ಆಗೂದಿಲ್ಲ.’ ಜನರ ಮುಖ ಅರಳಿತು. ‘ಆದ್ರ ಅಲ್ಲಿ ಬೆಂಕಿ ಆರಸಾಕ ನಿಂತಾಂವ...’ ಎಂದು ಅವರು ಮುಂದುವರಿಸುವಷ್ಟರಲ್ಲಿ ಎಲ್ಲರೂ ಹೋಳಿಗೆಯ ಸಾಲಿಗೆ ಹೋಗಿ ನಿಂತಿದ್ದರು. ಅವರ ಮಾತಿನ ಉಳಿದರ್ಧಕ್ಕೆ ಕಿವಿ ಕೊಟ್ಟವನು ನಾನೊಬ್ಬನೇ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಕೆಲವು ವಾರಗಳ ನಂತರ ಆ ನಿಂತವರ ಉಸಿರೇ ನಮ್ಮ ಮೇಜಿಗೆ ಬಂತು. ಸುಡುವ ಕಾಡಿನಲ್ಲಿ ಮರ ಕಡಿದು ಬೆಂಕಿ ರೇಖೆ ಮಾಡಲು ಒಬ್ಬ ಗುತ್ತಿಗೆದಾರ ಕೂಲಿಯವರನ್ನು ಇಳಿಸಿದ್ದ. ಅವರಿಗೆ ಕೊಟ್ಟ ಮುಖವಾಡಗಳು ಧೂಳನ್ನು ತಡೆಯುತ್ತವೆಯೋ ಇಲ್ಲವೋ ನೋಡಲು ಮುಖವಾಡದ ಒಳಗೆ, ಮೂಗಿನ ಹತ್ತಿರ, ಒಂದೊಂದು ಫಿಲ್ಟರ್ ಇಟ್ಟಿದ್ದರು. ಇಪ್ಪತ್ತು ಲಕೋಟೆ. ಹೆಸರಿಲ್ಲ, ಬರೀ ನಂಬರು. ಬಹಳಷ್ಟು ಫಿಲ್ಟರುಗಳು ಹರಿದೋ ನೆನೆದೋ ಕೆಟ್ಟು ಬಂದಿದ್ದವು. ಎಣಿಸಲು ಯೋಗ್ಯವಾಗಿದ್ದವು ಐದೋ ಆರೋ. ಅದರಲ್ಲಿ ಹದಿನಾಲ್ಕನೇ ನಂಬರಿನದರಲ್ಲಿ, ಗೆರೆಯ ನಡುವೆ, ಸೀಸಿಯಂ ಇರುವ ಜಾಗದಲ್ಲಿ ಗೆರೆ ನೆಟ್ಟಗೆ ಎದ್ದು ನಿಂತಿತ್ತು.

ಅಕ್ಕೋರು ನಂಬಲಿಲ್ಲ. ಖಾಲಿ ಫಿಲ್ಟರ್ ಎಣಿಸಿದರು. ಮತ್ತೆ ಹದಿನಾಲ್ಕು. ಯಂತ್ರ ತೊಳೆದರು. ಮತ್ತೆ ಹದಿನಾಲ್ಕು. ಮೂರು ದಿನ ಇದೇ. ಮೂರನೆಯ ದಿನ ಆ ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ನನಗೆ ತೋರಿಸಿದರು. ಬಿಳಿ ಕಾಗದದ ನಡುವೆ ಕಂದು ಮಸಿ. ‘ಇದು ಮುಖವಾಡದ ಒಳಗಿಂದು, ಹೊರಗಿಂದಲ್ಲ. ಹದಿನಾಲ್ಕನೇಯಾಂವ ಇದನ್ನ ಎದಿಯೊಳಗ ಎಳಕೊಂಡಾನ. ಮತ್ತ ನಾಳಿಗೂ ಅದ ಮುಖವಾಡ ಹಾಕ್ಕೊಂಡು ಹೋಗ್ತಾನ’ ಎಂದರು. ನಂಬರಿಗೆ ‘ಆಂವ’ ಎಂದದ್ದನ್ನು ನಾನು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ವರದಿ ಹಾಗೇ ಹೋದರೆ ಆ ಮುಖವಾಡಗಳನ್ನು ತೆಗೆಸಬೇಕು, ಕೂಲಿಯವರನ್ನು ಹಿಂದಕ್ಕೆ ಕರೆಸಬೇಕು. ಗುತ್ತಿಗೆದಾರ ನಮ್ಮ ಕಂಪನಿಗೆ ದೊಡ್ಡ ಗಿರಾಕಿ. ನಮ್ಮ ಮ್ಯಾನೇಜರ್ ಬಹಳ ಸಭ್ಯ ಮನುಷ್ಯ, ದೀಪಾವಳಿಗೆ ಲಾಡು ತರಿಸಿ ‘ನಮಸ್ತೆ’ ಎನ್ನುತ್ತಿದ್ದವನು. ಅವನು ಬೈಯಲಿಲ್ಲ, ಬೆದರಿಸಲಿಲ್ಲ. ‘ಒಂದೇ ಒಂದು ಮಾದರಿ ಹೀಗೆ ಬಂದಿದೆ ಅಂದರೆ ಅದು ನಮ್ಮಲ್ಲೇ ಕೆಟ್ಟಿರಬಹುದಲ್ಲವೇ’ ಎಂದ. ಆಮೇಲೆ ತನ್ನ ಹಣೆಯ ಮೇಲೆ ಬೆರಳಾಡಿಸಿ, ಬಹಳ ಸಂಕೋಚದಿಂದ, ‘ನೀವು ಬೂದಿ ಹಚ್ಚಿಕೊಂಡು ಬರುತ್ತೀರಿ. ನಿಮ್ಮ ಸಂಸ್ಕೃತಿಯ ಬಗ್ಗೆ ನಮಗೆ ಪೂರ್ತಿ ಗೌರವವಿದೆ’ ಎಂದು ಸೇರಿಸಿದ.

ಅಕ್ಕೋರು ತಮ್ಮ ವಿಭೂತಿಯ ಹಾಳೆಯನ್ನೂ ಹದಿನಾಲ್ಕರ ಹಾಳೆಯನ್ನೂ ಅವನೆದುರು ಪಕ್ಕಪಕ್ಕ ಇಟ್ಟರು. ಒಂದರಲ್ಲಿ ಪೊಟ್ಯಾಸಿಯಂ, ಇನ್ನೊಂದರಲ್ಲಿ ಸೀಸಿಯಂ. ಎಂಟನೇ ಕ್ಲಾಸಿನ ಮಗುವೂ ನೋಡಿ ಹೇಳಬಹುದಿತ್ತು. ಅವನಿಗೂ ಗೊತ್ತಿತ್ತು. ಆದರೆ ವರದಿ ಓದುವವರು ಗೆರೆ ನೋಡುವುದಿಲ್ಲ, ‘ಬೂದಿ’ ಎಂಬ ಮಾತು ಕಂಡರೆ ಅಲ್ಲೇ ನಿಲ್ಲುತ್ತಾರೆ ಎಂಬುದೂ ಅವನಿಗೆ ಗೊತ್ತಿತ್ತು.

ಮರುದಿನ ನನ್ನನ್ನು ಕರೆದ. ಮೇಜಿನ ಮೇಲೆ ಒಂದು ಹಾಳೆ, ಅದರಲ್ಲಿ ಒಂದೇ ವಾಕ್ಯ: ಈ ನೌಕರರು ಹಣೆಗೆ ಬೂದಿ ಹಚ್ಚಿಕೊಂಡು ಕೆಲಸಕ್ಕೆ ಬರುವುದನ್ನು ನಾನು ದಿನವೂ ನೋಡಿದ್ದೇನೆ. ‘ಇದರಲ್ಲಿ ನಿಜವಲ್ಲದ್ದು ಏನಾದರೂ ಇದ್ದರೆ ಹೇಳು’ ಎಂದ. ಇರಲಿಲ್ಲ. ನಾಳೆ ಸಹಿ ಮಾಡುತ್ತೇನೆ ಎಂದು ಎದ್ದು ಬಂದೆ.

ಆಗ ನಾನು ಈ ಕಂಪನಿಯ ಹೆಸರಿನ ವೀಸಾದ ಮೇಲಿದ್ದೆ. ಕೆಲಸ ಹೋದರೆ ಎರಡು ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕಿತ್ತು. ಮಗಳು ಆಗಷ್ಟೇ ನರ್ಸರಿಗೆ ಸೇರಿದ್ದಳು. ಸಂಜೆ ಹೆಂಡತಿಗೆ ಹೇಳಿದೆ.

‘ಹ್ವಾಯ್, ಅದ್ರಗೆ ಸುಳ್ಳ್ ಎಂತ ಇತ್ತ್? ಅವ್ರ್ ಬೂದಿ ಹಚ್ಕಂಡ್ ಬಪ್ದ್ ಹೌದಲ್ದಾ?’ ಎಂದಳು.

‘ಒಳಗೆ ಹೋಪತಿಗೆ ಒರ್ಸ್ಕಂಬ್ದೂ ಹೌದೇ.’

‘ಅದನ್ನ್ ಅವ್ರ್ ಕೇಂಡ್ರಾ?’

‘ಇಲ್ಲೆ.’

‘ಕೇಣ್ದೇ ಇದ್ದದ್ದನ್ನ್ ನೀವ್ ಎಂತಕ್ ಹೇಳುದ್?’

ತಪ್ಪನ್ನು ಹೆಂಡತಿಯ ತಲೆಗೆ ಕಟ್ಟುತ್ತಿಲ್ಲ. ಅವಳ ಬಾಯಿಂದ ಆ ಮಾತು ಬರಲಿ ಎಂದೇ ನಾನು ಹೇಳಿದ್ದೆ. ಮರುದಿನ ಬೆಳಿಗ್ಗೆ ಅಕ್ಕೋರಿಗೆ ಎಂದಿನಂತೆ ಒದ್ದೆ ಬಟ್ಟೆ ನಾಲ್ಕು ಮಡಿಕೆ ಮಾಡಿ ಅಂಗೈ ಮೇಲೆ ಚಾಚಿದೆ. ಅವರು ಒರೆಸಿಕೊಂಡು ಒಳಗೆ ಹೋದರು. ನಾನು ಕೈಗವಸು ಬಿಚ್ಚಿ, ಮ್ಯಾನೇಜರನ ಕೋಣೆಗೆ ಹೋಗಿ ಸಹಿ ಹಾಕಿದೆ.

ಹದಿನಾಲ್ಕನೇ ಮಾದರಿ ಕೆಟ್ಟಿದೆ, ಲೆಕ್ಕಕ್ಕಿಲ್ಲ ಎಂದು ವರದಿ ಹೋಯಿತು. ಮುಖವಾಡಗಳು ಚೆನ್ನಾಗಿವೆ ಎಂದಾಯಿತು. ಅದಕ್ಕೆ ಸಹಿ ಮಾಡಲು ಅಕ್ಕೋರು ಒಪ್ಪಲಿಲ್ಲ. ಒಂದು ವಾರದಲ್ಲಿ ಅವರನ್ನು ಕೆಲಸದಿಂದ ತೆಗೆದರು. ಕೊಟ್ಟ ಕಾರಣ, ಕೆಲಸದಲ್ಲಿ ಶುಚಿತ್ವದ ಶಿಸ್ತಿಲ್ಲ ಎಂದು. ಆ ಮಾತಿಗೆ ನಗು ಬರಬೇಕಿತ್ತು. ಕಪಾಟಿನಲ್ಲಿದ್ದ ನಾಲ್ಕು ವರ್ಷದ ಚೀಲಗಳು ಕಂಪನಿಯ ಆಸ್ತಿಯೆಂದು ಹೇಳಿ ಅವರಿಗೆ ಕೊಡಲಿಲ್ಲ. ಕಸದವರ ಗಾಡಿಗೆ ಅವನ್ನು ಹಾಕಿದ್ದು ನಾನೇ. ಹೇಳಿದ್ದನ್ನು ಮಾಡಿದೆ.

ಆಮೇಲೆ ಅಕ್ಕೋರು ಹ್ಯಾರೋ ಕಡೆಯ ಶಾಲೆಗಳಲ್ಲಿ ಪರೀಕ್ಷೆಗೆ ಮೇಲ್ವಿಚಾರಕಿಯಾಗಿ ಹೋಗುತ್ತಿದ್ದರಂತೆ. ಸುಮ್ಮನೆ ಕೂರುವ ಜಾತಿಯಲ್ಲ. ಇಂಥದ್ದನ್ನೆಲ್ಲ ನೋಡಿಕೊಳ್ಳುವ ಸರ್ಕಾರಿ ಕಚೇರಿಗೆ ಬರೆದರು. ಅಲ್ಲಿಂದ ಉತ್ತರ ಬಂತು: ಹಣೆಯ ಬೂದಿಯ ಬಗ್ಗೆ ಸಹೋದ್ಯೋಗಿಯ ಹೇಳಿಕೆ ಇದೆ, ಅದನ್ನು ಒರೆಸಿಕೊಳ್ಳುತ್ತಿದ್ದಿರಿ ಎಂದು ಹೇಳಬಲ್ಲವರು ಯಾರಾದರೂ ಇದ್ದರೆ ತಿಳಿಸಿ, ಪರಿಶೀಲಿಸುತ್ತೇವೆ.

ಆ ಕಾಗದ ಹಿಡಿದುಕೊಂಡು ಒಂದು ಶನಿವಾರ ಹೇಸ್‌ಗೆ ಬಂದರು. ಮನೆಗೆ ಬರಲಿಲ್ಲ, ಕಾಲುವೆಯ ದಡದ ಬೆಂಚಿಗೆ ಕರೆದರು. ಆ ಹೇಳಿಕೆ ನನ್ನದೇ ಎಂದು ತಿಳಿದಿದ್ದರೂ ಬೈಯಲಿಲ್ಲ. ಡಬ್ಬಿಯಿಂದ ರೊಟ್ಟಿ ತೆಗೆದುಕೊಟ್ಟರು. ‘ತಮ್ಮಾ, ನೀ ಬರದಿದ್ದು ಖರೇನ ಐತಿ. ಅದರ ಮುಂದ ಇನ್ನೊಂದು ಖರೇ ಬರಿ. ಒಳಗ ಹೋಗೂ ಮುಂದ ಒರಸ್ಕೊಳ್ಳತಿದ್ರು, ನಾನ ಅರಿವಿ ಕೊಡ್ತಿದ್ದೆ ಅಂತ. ಅಷ್ಟ ಸಾಕು.’

ನಾನು ರೊಟ್ಟಿ ಮುರಿದೆ. ‘ಕಾಯಂ ವೀಸಾ ಒಂದು ಆಗಿಬಿಡಲಿ ಅಕ್ಕೋರೆ. ಆಮೇಲೆ ಖಂಡಿತ ಬರೆದುಕೊಡ್ತೇನೆ.’

‘ಎಷ್ಟ ದಿವಸ ಆಗತೈತಿ?’

‘ಎರಡು ವರ್ಷ.’

ಅವರು ಡಬ್ಬಿ ಮುಚ್ಚಿದರು. ‘ಆತು. ನಿನ್ನ ಮಗಳು ಸಣ್ಣಾಕಿ ಅದಾಳ. ಹದಿನಾಲ್ಕನೇಯಾಂವ ಕಾಯ್ತಾನೋ ಇಲ್ಲೋ ಗೊತ್ತಿಲ್ಲ. ನಾ ಕಾಯ್ತೀನಿ’ ಎಂದು ಎದ್ದು ಹೋದರು.

ಎರಡು ವರ್ಷ ಕಳೆದು ನನ್ನ ಕಾಯಂ ವೀಸಾದ ಕಾಗದ ಬಂತು. ಟೂಟಿಂಗ್‌ನ ನಮ್ಮ ಭಾವನ ಹೋಟೆಲಿನಲ್ಲಿ ಮೂವತ್ತು ಜನರಿಗೆ ಊಟ ಹಾಕಿಸಿದೆ. ಗುಂಪಿನಲ್ಲಿ ಮಾತ್ರ ಸುದ್ದಿ ಹಾಕಲಿಲ್ಲ, ಅಕ್ಕೋರು ಅದೇ ಗುಂಪಿನಲ್ಲಿದ್ದರು. ನಾಳೆ ಬರೆಯೋಣ, ಮುಂದಿನ ವಾರ ಬರೆಯೋಣ ಎಂದುಕೊಂಡೆ. ಈಗ ವೀಸಾದ ಭಯವಿರಲಿಲ್ಲ. ಈಗ ಇದ್ದದ್ದು ನಾಚಿಕೆ. ಇಷ್ಟು ವರ್ಷ ಯಾಕೆ ಸುಮ್ಮನಿದ್ದೆ ಎಂದು ಯಾರಾದರೂ ಕೇಳುತ್ತಾರಲ್ಲ ಎಂಬ ನಾಚಿಕೆ. ಅದು ಭಯಕ್ಕಿಂತ ಗಟ್ಟಿ.

ಆ ಚಳಿಗಾಲದಲ್ಲಿ ರೇನರ್ಸ್ ಲೇನ್‌ನ ದಿನಸಿ ಅಂಗಡಿಯಲ್ಲಿ, ಜೋಳದ ಹಿಟ್ಟಿನ ಮುಂದೆ, ಎದುರಾದರು. ಬಹಳ ಇಳಿದಿದ್ದರು. ಕೋಟು ಮೈಮೇಲೆ ಜೋತು ಬಿದ್ದಿತ್ತು. ಹಣೆಯ ಮೇಲೆ ಮೂರು ಗೆರೆ ಮಾತ್ರ ನೆಟ್ಟಗಿತ್ತು.

‘ತಮ್ಮಾ, ಕಾಗದ ಬಂತೇನು?’

‘ಇನ್ನೂ ಇಲ್ಲ ಅಕ್ಕೋರೆ’ ಎಂದೆ.

‘ಬರ್ತೈತಿ ಬಿಡು. ತಲೀ ಕೆಡಿಸ್ಕೋಬ್ಯಾಡ’ ಎಂದು ನನ್ನ ತೋಳು ತಟ್ಟಿ, ಹಿಟ್ಟಿನ ಚೀಲ ಎತ್ತಿಕೊಂಡು ಹೋದರು.

ಮೊದಲು ಬರೆದುಕೊಟ್ಟದ್ದು ಅರ್ಧ ನಿಜ. ಇದು ಪೂರ್ತಿ ಸುಳ್ಳು. ಇದಕ್ಕೆ ಯಾವ ಮ್ಯಾನೇಜರೂ ಬೇಕಾಗಲಿಲ್ಲ.

ಒಂದೂವರೆ ವರ್ಷದ ನಂತರ ಅವರು ಹೋದರು. ಮಣ್ಣು ಮಾಡುವ ಮುಂಚೆ ಹ್ಯಾರೋದ ಒಂದು ಶವಾಗಾರದ ಕೋಣೆಯಲ್ಲಿ ದರ್ಶನಕ್ಕೆ ಇಟ್ಟಿದ್ದರು. ಗುಂಪಿನಲ್ಲಿ ಕೈ ಮುಗಿದವರು ಇನ್ನೂರು, ಅಲ್ಲಿಗೆ ಬಂದವರು ಏಳು. ಅಕ್ಕೋರ ಮಗಳು ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದವಳು, ನನ್ನನ್ನು ಯಾವತ್ತೂ ನೋಡಿದವಳಲ್ಲ. ಕನ್ನಡ ಅರ್ಥವಾಗುತ್ತದೆ, ಮಾತು ಇಂಗ್ಲಿಷು. ‘ನಾನು ಕನ್ನಡದವನು, ಪರಿಚಯ’ ಎಂದಷ್ಟೇ ಹೇಳಿದ್ದೆ.

ಕಲಬುರಗಿಯ ಒಬ್ಬ ಹಿರಿಯರು ಮಗಳ ಕೈಯಿಂದಲೇ ವಿಭೂತಿ ಹಚ್ಚಿಸಿದರು. ಅವಳಿಗೆ ಅಭ್ಯಾಸವಿಲ್ಲ, ನೀರು ಹೆಚ್ಚಾಗಿ ಗೆರೆ ಹರಿದು ಹುಬ್ಬಿಗೆ ಇಳಿಯಿತು. ಅವಳು ಗಾಬರಿಯಾದಳು. ‘ಓ ನೋ. ಸಾರಿ ಅಮ್ಮ, ಸಾರಿ. ಟಿಶ್ಯೂ, ಎನಿಬಡಿ?’

ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆಯ ತುಂಡುಗಳಿದ್ದವು, ಬಟ್ಟಲಲ್ಲಿ ನೀರಿತ್ತು. ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಮಾಡುತ್ತಿರಲಿಲ್ಲ. ಒಂದು ತುಂಡು ಅದ್ದಿ, ಎರಡು ಸಲ ಹಿಂಡಿ, ನಾಲ್ಕು ಮಡಿಕೆ ಮಾಡಿ, ಎಡ ಅಂಗೈ ಮೇಲಿಟ್ಟು ಚಾಚಿದೆ.

ಅವಳು ತೆಗೆದುಕೊಳ್ಳಲಿಲ್ಲ. ನನ್ನ ಅಂಗೈಯನ್ನೇ ನೋಡಿದಳು. ಆಮೇಲೆ ಇಂಗ್ಲಿಷಿನಲ್ಲಿ, ಮೆಲ್ಲಗೆ, ‘ನಾಲ್ಕು ಮಡಿಕೆ’ ಎಂದಳು. ‘ದಿನಾ ಬೆಳಿಗ್ಗೆ ಹೀಗೆ ಕೊಡುತ್ತಿದ್ದ ಒಬ್ಬರಿದ್ದಾರೆ ಅಂತ ಅಮ್ಮ ಹೇಳಿದ್ದಳು. ಹೆಸರು ಹೇಳು, ನಾನು ಹೋಗಿ ಮಾತಾಡ್ತೀನಿ, ಕಚೇರಿಗೆ ಬರೀತೀನಿ ಅಂತ ಎಷ್ಟು ಸಲ ಕೇಳಿದೆ. ಆಸ್ಪತ್ರೆಯಲ್ಲೂ ಕೇಳಿದೆ. ಹೇಳಲೇ ಇಲ್ಲ. ಅವನ ವೀಸಾಕ್ಕೆ ತೊಂದರೆ ಆಗ್ತದೆ, ಕಾಗದ ಬಂದ ದಿನ ಅವನೇ ಬರ್ತಾನೆ ಅಂತಿದ್ದಳು.’

ನನ್ನ ಕೈ ಚಾಚಿದಂತೆಯೇ ಇತ್ತು. ಬಟ್ಟೆಯ ನೀರು ಅಂಗಿಯ ತೋಳಿನೊಳಗೆ ಇಳಿಯುತ್ತಿತ್ತು.

ಇಷ್ಟು ಹೊತ್ತೂ ಇಂಗ್ಲಿಷು ಬಿಡದ ಹುಡುಗಿ ಆಗ ತನ್ನ ತಾಯಿಯ ಕನ್ನಡದಲ್ಲಿ ಕೇಳಿದಳು:

‘ನಿಮ್ಮ ಕಾಗದ ಬಂತೇನ್ರಿ?’